ದೀಪವಿಲ್ಲದ ಸೈಕಲ್ಲುಗಳ ಕಟ್ಟು

"ನಾನು ಈ ಕುರ್ಚಿಯಿಂದ ಏಳೋ ದಿನ ನೀನು ಕೂತ್ಕೋತೀಯ. ಇದು ನನ್ನ ಮಾತು," ಎಂದು ಭಾವ ಹೇಳಿ ಹತ್ತೊಂಬತ್ತು ವರ್ಷವಾಗಿತ್ತು. ಹೇಳಿದ್ದು ಕೋರ್ಟಿನ ಮೇಲಂತಸ್ತಿನಲ್ಲಿ, ಹೆಡ್ ಕ್ಲರ್ಕಿನ ಮೇಜಿನ ಮುಂದೆ. ಭಾವ ಆ ಕುರ್ಚಿಗೆ ಬಂದು ಇನ್ನೂ ಒಂದು ವಾರವೂ ಆಗಿರಲಿಲ್ಲ. ಹೆಂಡತಿಯ ತಮ್ಮನನ್ನು ಅದೇ ಕೋರ್ಟಿನ ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಗುಮಾಸ್ತನಾಗಿ ಸೇರಿಸಿದ ದಿನ ಅದು. "ಕೆಳಗೆ ಕಿಟಕಿನೇ ಇಲ್ಲ ಭಾವ," ಎಂದು ಗುಮಾಸ್ತ ಮೂಗು ಮುರಿದಿದ್ದ. ಭಾವ ನಕ್ಕು ತಮ್ಮ ಬೆನ್ನ ಹಿಂದಿನ ದೊಡ್ಡ ಕಿಟಕಿ ತೋರಿಸಿ ಈ ಮಾತು ಹೇಳಿದ್ದರು.

ಅವತ್ತಿನಿಂದ ಆ ಕಿಟಕಿ ಗುಮಾಸ್ತನ ತಲೆಯೊಳಗೇ ಇತ್ತು. ಕಾಗದದ ಧೂಳು ಕುಡಿದೂ ಕುಡಿದೂ ಬಂದ ಕೆಮ್ಮು ಹತ್ತನೇ ವರ್ಷಕ್ಕೆ ಖಾಯಂ ಆಯಿತು. ಬೇರೆ ಕೋರ್ಟಿಗೆ ವರ್ಗವಾಗುವ ಅವಕಾಶ ಎರಡು ಸಲ ಬಂದಿತ್ತು, ಎರಡು ಸಲವೂ ಬೇಡವೆಂದ. ಹೆಂಡತಿ ಕೇಳಿದರೆ "ಭಾವ ಮಾತು ಕೊಟ್ಟಿದ್ದಾರೆ ಕಣೆ" ಎನ್ನುತ್ತಿದ್ದ. ಅವಳು "ಮಾತು ಸರಿ, ಕಫ ಯಾರದು?" ಎನ್ನುತ್ತಿದ್ದಳು.

ಅದು ರಸ್ತೆ ದಂಡಗಳ ಕೋರ್ಟು. ಕೊಲೆ, ದರೋಡೆ ಅಲ್ಲಿಗೆ ಬರುವುದಿಲ್ಲ. ಕೆಂಪು ದೀಪ ದಾಟಿದವರು, ಎದುರು ದಿಕ್ಕಿನಲ್ಲಿ ನುಗ್ಗಿದವರು, ಗಾಡಿ ನಿಲ್ಲಿಸಬಾರದ ಕಡೆ ನಿಲ್ಲಿಸಿ "ಎರಡೇ ನಿಮಿಷ ಸಾರ್" ಎಂದವರು, ಇಂಥವರದೇ ಸಂತೆ. ಟ್ರಾಫಿಕ್ ಪೊಲೀಸ್ ಬರೆದ ಚೀಟಿಯ ಬಿಳಿ ಹಾಳೆ ತಪ್ಪು ಮಾಡಿದವನ ಕೈಗೆ, ಗುಲಾಬಿ ಹಾಳೆ ಕೋರ್ಟಿಗೆ. ದಂಡ ಕಟ್ಟಿದ ಮೇಲೆ ರಸೀದಿಯ ಪ್ರತಿಯನ್ನು ಗುಲಾಬಿ ಹಾಳೆಗೆ ಪಿನ್ ಚುಚ್ಚಿ, ಇನ್ನೂರು ಚಿಲ್ಲರೆ ಹಾಳೆಗಳಿಗೊಂದು ಕಟ್ಟು ಮಾಡಿ, ಹೊದಿಕೆಯ ಮೇಲೆ ಎಷ್ಟು ಹಾಳೆ ಎಂದು ಬರೆದು ಕೆಳಗೆ ಕಳಿಸುತ್ತಾರೆ. ಲೈಸೆನ್ಸ್ ನವೀಕರಿಸುವವರಿಗೆ, ಡ್ರೈವರ್ ಕೆಲಸಕ್ಕೆ ಸೇರುವವರಿಗೆ ಹಳೆಯ ಚೀಟಿ ತೀರಿದೆ ಎಂಬ ಪತ್ರ ಬೇಕು. ಅವರೆಲ್ಲ ಮೆಟ್ಟಿಲಿಳಿದು ಗುಮಾಸ್ತನ ಮುಂದೆ ನಿಲ್ಲುತ್ತಾರೆ.

"ಯಾವ ತಾರೀಕು?"

"ನೆನಪಿಲ್ಲ ಸಾರ್."

"ಚೀಟಿ ನಂಬರು?"

"ಅದನ್ನೇ ಕಳ್ಕೊಂಡಿದ್ದು."

"ಮತ್ತೇನಪ್ಪ ನೆನಪಿದೆ?"

"ಹೆಂಡತಿ ಹಿಂದೆ ಕೂತು ಬೈತಾ ಇದ್ಲು ಸಾರ್. ಅದಕ್ಕೇ ಸಿಗ್ನಲ್ ಕಾಣಿಸ್ಲಿಲ್ಲ."

ಯಾಕೆ ಬೈಯುತ್ತಿದ್ದಳು ಎಂದು ಗುಮಾಸ್ತ ಕೇಳುತ್ತಿದ್ದ. ಮಗುವನ್ನ ಸ್ಕೂಲಿಗೆ ಸೇರಿಸೋಕೆ ತಡವಾಯಿತು ಅಂತ. ಯಾವ ಮಗು, ಈಗ ಎಷ್ಟನೇ ಕ್ಲಾಸು? ಅಷ್ಟು ಸಾಕು. ವರ್ಷ ಸಿಕ್ಕಿತು, ತಿಂಗಳು ಸಿಕ್ಕಿತು, ಕಾಲು ಗಂಟೆಯಲ್ಲಿ ಗುಲಾಬಿ ಹಾಳೆಯೂ ಸಿಕ್ಕಿತು. ಹನ್ನೊಂದು ಸಾವಿರ ಕಟ್ಟುಗಳ ಆ ಕೋಣೆ ಅವನಿಗೆ ಅಂಗೈ ಇದ್ದಂತೆ.

ಭಾವ ನಿವೃತ್ತರಾಗಲು ನಾಲ್ಕೂವರೆ ತಿಂಗಳಿದ್ದಾಗ ರೇಡಿಯಮ್ಮ ಟೀ ಹಿಡಿದು ಕೆಳಗೆ ಬಂದಳು. ಕೋರ್ಟಿನ ಅಟೆಂಡರ್ ಅವಳು. ಒಂದು ಮಹಡಿಯ ಸುದ್ದಿ ಇನ್ನೊಂದಕ್ಕೆ ಮುಟ್ಟಿಸದೆ ಅವಳಿಗೆ ಊಟ ಸೇರುತ್ತಿರಲಿಲ್ಲ, ಹಾಗಾಗಿ ಆ ಹೆಸರು.

"ನಿಮಗೆ ಗೊತ್ತಿರತ್ತೆ ಬಿಡಿ," ಎಂದು ಶುರುಮಾಡಿದಳು. "ನಿಮ್ಮ ಭಾವ ಮೇಲಿನ ಆಫೀಸಿಗೆ ಶಿಫಾರಸು ಕಳಿಸಿದ್ರು. ಲಕೋಟೆ ಅಂಟಿಸಿದ್ದೇ ನಾನು. ಅವರ ಅಳಿಯಂದ್ರ ಹೆಸರು ದಪ್ಪಕ್ಷರದಲ್ಲಿತ್ತು."

"ಯಾವ ಕೆಲಸಕ್ಕೆ?"

"ಇನ್ಯಾವ ಕೆಲಸಕ್ಕೆ? ಖಾಲಿ ಆಗ್ತಿರೋದು ಒಂದೇ ಕುರ್ಚಿ ತಾನೇ."

ಅಳಿಯ ಎಂದರೆ ದಂಡ ಕಟ್ಟಿಸಿಕೊಳ್ಳುವ ಕೌಂಟರಿನ ಹುಡುಗ. ಗುಮಾಸ್ತ ಹೆಗಲ ಮೇಲೆ ಹೊತ್ತು ಆಡಿಸಿದ ಅಕ್ಕನ ಮಗಳ ಗಂಡ. ಕೆಲಸಕ್ಕೆ ಸೇರಿ ಒಂಬತ್ತು ವರ್ಷ ಆಗಿತ್ತಷ್ಟೆ. ಟೀ ಆರಿತು. ಗುಮಾಸ್ತ ಮೇಲೆ ಹತ್ತಿದ.

"ಭಾವ, ಮುಂದೆ ಈ ಮೇಜಿಗೆ ಯಾರು ಬರ್ತಾರಂತೆ?"

ಭಾವ ಕಾಗದದಿಂದ ತಲೆ ಎತ್ತಲಿಲ್ಲ. "ಮೇಲಿನವರು ಯಾರನ್ನ ಕಳಿಸ್ತಾರೋ ಅವರು. ನಿನಗೆ ಕೆಳಗೆ ಕೆಲಸ ಇಲ್ವಾ?"

ಅಷ್ಟೇ. ಹತ್ತೊಂಬತ್ತು ವರ್ಷಕ್ಕೆ ಸಿಕ್ಕ ಉತ್ತರ ಅಷ್ಟೇ. ಮೆಟ್ಟಿಲಿಳಿಯುವಾಗ ಗುಮಾಸ್ತನ ಮನಸ್ಸಿನಲ್ಲಿ 'ಅವರು' ಹೋಗಿ 'ಅವನು' ಬಂತು. ಮಗಳ ಗಂಡ ಎದುರಿಗೆ ಬಂದರೆ ಹೆಂಡತಿಯ ತಮ್ಮ ಯಾವ ಲೆಕ್ಕ? ನೆಲಮಾಳಿಗೆಯಲ್ಲಿ ಕೂತು ಕೆಮ್ಮುವುದಕ್ಕೆ ಒಬ್ಬ ಬೇಕಿತ್ತು, ಮಾತು ಕೊಟ್ಟು ಕಟ್ಟಿಹಾಕಿದ.

ಕೂಗಾಡುವ ಜಾಯಮಾನ ಅವನದಲ್ಲ. ಕೂಗಾಡಿದರೆ ಅಕ್ಕ ಅಳುತ್ತಾಳೆ, ಭಾವ ಕನ್ನಡಕ ಒರೆಸಿಕೊಳ್ಳುತ್ತಾನೆ, ಕುರ್ಚಿ ಮಾತ್ರ ಅಳಿಯನಿಗೇ ಹೋಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಭಾವನಿಗೆ ಇದ್ದ ಆಸ್ತಿ ಒಂದೇ, ಹೆಸರು. ಮೂವತ್ತೈದು ವರ್ಷದ ನೌಕರಿಯಲ್ಲಿ ಒಬ್ಬನೂ ಬೆರಳು ತೋರಿಸಿರಲಿಲ್ಲ. ಆ ಹೆಸರಿಲ್ಲದೆ ಅವನು ಕೋರ್ಟಿನ ಬಾಗಿಲು ದಾಟಬೇಕು. ಮಾವನ ಹೆಸರು ಕೆಟ್ಟರೆ ಅಳಿಯನ ಶಿಫಾರಸೂ ಕಸದ ಬುಟ್ಟಿಗೆ.

ದಾರಿ ಅವನ ಕೋಣೆಯಲ್ಲೇ ಇತ್ತು. ಏಳೆಂಟು ವರ್ಷದ ಹಿಂದೆ, ಹೊಸದಾಗಿ ಮದುವೆಯಾದ ಅಳಿಯ ಮಾವನ ಕಾರು ಓಡಿಸುವ ಹುಮ್ಮಸ್ಸಿನಲ್ಲಿ ಐದು ಸಲ ಸಿಕ್ಕಿಬಿದ್ದಿದ್ದ. ಪ್ರತಿಸಲವೂ ಭಾವ ಚೆನ್ನಾಗಿ ಉಗಿದು, ಅವನನ್ನು ಸಾಲಿನಲ್ಲಿ ನಿಲ್ಲಿಸಿ ಅದೇ ದಿನ ದಂಡ ಕಟ್ಟಿಸಿದ್ದ. ಆ ಐದು ಗುಲಾಬಿ ಹಾಳೆಗಳು, ಭಾವನ ಕಾರಿನ ನಂಬರಿನ ಮೇಲೆ, ಕೆಳಗೆ ಐದು ಕಟ್ಟುಗಳಲ್ಲಿ ಮಲಗಿದ್ದವು.

ಮೇಲಿನ ದೊಡ್ಡ ರಿಜಿಸ್ಟರಿನಲ್ಲಿ ಇರುವುದು ಚೀಟಿಯ ನಂಬರು, ಗಾಡಿಯ ನಂಬರು, ಕಟ್ಟಿನ ನಂಬರು. ದಂಡ ಕಟ್ಟಿದ್ದಕ್ಕೆ ಪುರಾವೆ ಎರಡೇ ಕಡೆ: ಕೌಂಟರಿನ ಪುಸ್ತಕ, ಮತ್ತು ಗುಲಾಬಿ ಹಾಳೆಗೆ ಚುಚ್ಚಿದ ರಸೀದಿ. ಕೌಂಟರಿನ ಪುಸ್ತಕಗಳನ್ನು ಐದು ವರ್ಷಕ್ಕೆ ನಾಶ ಮಾಡಬೇಕೆಂದು ನಿಯಮ. ಆ ವರ್ಷಗಳ ಪುಸ್ತಕಗಳು ಗೋಣಿಚೀಲದಲ್ಲಿ ಕಾಗದದ ಕಾರ್ಖಾನೆಗೆ ಹೋದಾಗ ಪಟ್ಟಿಗೆ ಸಹಿ ಹಾಕಿದ್ದು ಗುಮಾಸ್ತನೇ. ಚೀಟಿಗಳನ್ನು ಮಾತ್ರ ಹತ್ತು ವರ್ಷ ಇಡಬೇಕು. ಹಾಗಾಗಿ ಆ ಐದು ಹಾಳೆ ಮಾಯವಾದರೆ ದಂಡ ಕಟ್ಟಿದ್ದಕ್ಕೆ ಲೋಕದಲ್ಲಿ ಸಾಕ್ಷಿಯೇ ಇಲ್ಲ.

ಮಾಯ ಮಾಡಿದ್ದು ಭಾವನೇ ಎನ್ನುವುದಕ್ಕೆ ಅವನ ಸಹಿ ಬೇಕು. ಅದೂ ಇತ್ತು. ಕೋಣೆಯಿಂದ ಒಂದು ಹಾಳೆ ಹೊರಗೆ ಹೋಗಬೇಕಾದರೂ ಹೆಡ್ ಕ್ಲರ್ಕ್ ಸಹಿ ಮಾಡಿದ ಬೇಡಿಕೆ ಚೀಟಿ ಬೇಕು. ನಿಯಮದ ಪ್ರಕಾರ ಪ್ರತಿಸಲ ನೋಡಿ ಸಹಿ ಮಾಡಬೇಕು. ಭಾವ ಪ್ರತಿ ಸೋಮವಾರ ಇಪ್ಪತ್ತು ಖಾಲಿ ಚೀಟಿಗೆ ಒಟ್ಟಿಗೇ ಸಹಿ ಹಾಕಿ ಕೆಳಗೆ ಕಳಿಸಿಬಿಡುತ್ತಿದ್ದ. "ನೀನಿದ್ದೀಯಲ್ಲ, ನಾನ್ಯಾಕೆ ನೋಡ್ಲಿ?" ಎನ್ನುತ್ತಿದ್ದ. ಇಡೀ ನೌಕರಿಯಲ್ಲಿ ಅವನು ಮುರಿದ ನಿಯಮ ಅದೊಂದೇ. ಎರಡು ವರ್ಷದ ಹಿಂದಿನ ಪ್ಯಾಡಿನಲ್ಲಿ ಅಂಥ ಚೀಟಿಯೊಂದು ಉಳಿದಿತ್ತು. ಉಳಿದ ಬರಹವನ್ನು ತುಂಬುತ್ತಿದ್ದುದು ಯಾವಾಗಲೂ ಗುಮಾಸ್ತನೇ ಆದ್ದರಿಂದ ಅಕ್ಷರದ ತಂಟೆಯೂ ಇಲ್ಲ. ಖಾಲಿ ಚೀಟಿಗೆ ಸಹಿ ಮಾಡಿಕೊಟ್ಟಿದ್ದೆ ಎಂದು ಭಾವ ಬಾಯಿಬಿಟ್ಟರೆ? ಅದೂ ತಪ್ಪೊಪ್ಪಿಗೆಯೇ.

ಮನೆಯಲ್ಲಿ ರಸೀದಿಯ ಅಸಲೇನಾದರೂ ಇದೆಯೋ ನೋಡಬೇಕಿತ್ತು. ಭಾನುವಾರ ಅಕ್ಕನ ಮನೆಗೆ ಹೋದ.

"ಏನೋ, ದಾರಿ ತಪ್ಪಿ ಬಂದ್ಯಾ?" ಎಂದಳು ಅಕ್ಕ. ಬಟ್ಟೆ ಮಡಿಸುತ್ತಿದ್ದವಳು ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಚಿಕ್ಕಂದಿನಿಂದ ಹಾಗೇ, ಅವಳ ಮುಂದೆ ಸುಮ್ಮನೆ ನಿಲ್ಲುವಂತಿಲ್ಲ.

"ಭಾವನ ಕಾರಿನ ಹಳೇ ಕಾಗದ ಎಲ್ಲಿಟ್ಟಿದ್ದೀರಕ್ಕ? ನನ್ನ ಸ್ಕೂಟರಿನ ರಸೀದಿ ಒಂದು ಅದರಲ್ಲಿ ಸೇರ್ಕೊಂಡಿದೆಯೇನೋ ಅಂತ."

"ನಿಮ್ಮ ಭಾವ ಮನೇಲಿ ಕಾಗದ ಇಡೋಕೆ ಬಿಟ್ರೆ ತಾನೇ! ಎಲ್ಲಾ ಹರಿದು ಹಾಕಿದ್ರು. 'ಪ್ರತಿ ನಿನ್ನ ತಮ್ಮನ ಹತ್ರ ಇದೆ, ಅದಕ್ಕಿಂತ ಭದ್ರವಾದ ಜಾಗ ಯಾವುದೇ' ಅಂತಾರೆ."

ಬಟ್ಟೆಯ ತುದಿ ಅವನ ಕೈಯಿಂದ ಜಾರಿತು. ಅಕ್ಕ ಅವನ ಮುಖ ನೋಡಿದಳು.

"ಎಷ್ಟು ಬಾಡಿದ್ದೀಯೋ. ಕೆಮ್ಮು ಕಮ್ಮಿ ಆಗ್ಲಿಲ್ವಾ? ಇನ್ನೊಂದು ಸ್ವಲ್ಪ ದಿನ ತಾಳು." ಏನೋ ಹೇಳಹೊರಟು ನುಂಗಿಕೊಂಡಳು. "ನನ್ನ ಬಾಯಿ ಬಿಡಿಸಬೇಡ. ಆಫೀಸಿನ ಮಾತು ಮನೇಲಿ ಆಡಿದ್ರೆ ನಿಮ್ಮ ಭಾವನಿಗೆ ಆಗಲ್ಲ."

ಓಹೋ, ಅಕ್ಕನಿಗೂ ಗೊತ್ತು ಎಂದುಕೊಂಡ ಗುಮಾಸ್ತ. ಮಗಳ ಗಂಡನಿಗಾಗಿ ತಮ್ಮನ ಕತ್ತು ಕೊಯ್ದದ್ದು ಗೊತ್ತಿದ್ದೂ 'ತಾಳು' ಅನ್ನುತ್ತಾಳೆ. ಇನ್ನುಳಿದಿದ್ದ ಒಂದು ಎಳೆ ದಾಕ್ಷಿಣ್ಯವೂ ಅಲ್ಲೇ ಕಡಿಯಿತು.

ಸೋಮವಾರ ಊಟದ ಬಿಡುವಿನಲ್ಲಿ ಕೆಲಸ ಮುಗಿಯಿತು. ಐದು ಕಟ್ಟು ಬಿಚ್ಚಿ ಐದು ಹಾಳೆ ತೆಗೆದು, ಮತ್ತೆ ಮೊದಲಿನ ಗೆರೆಯ ಮೇಲೇ ಲಾಡಿ ಬಿಗಿದ. ಬೇಡಿಕೆ ಚೀಟಿಯಲ್ಲಿ ಐದು ನಂಬರು, ಎರಡು ವರ್ಷದ ಹಿಂದಿನ ತಾರೀಕು ಬರೆದು, ಹೊರಹೋದ ಕಡತಗಳ ಫೈಲಿನಲ್ಲಿ ಅದರ ಜಾಗದಲ್ಲಿ ಸೇರಿಸಿದ. ಯಾಕೆ ವಾಪಸು ಕೇಳಲಿಲ್ಲ ಎಂದರೆ ಹೇಳಬೇಕಾದ ಮಾತೂ ಸಿದ್ಧವಿತ್ತು.

ಆ ಹಾಳೆಗಳನ್ನು ಏನು ಮಾಡುವುದು? ಬೇರೆ ಯಾರಾದರೂ ಆಗಿದ್ದರೆ ಹರಿದು ತೊಟ್ಟಿಗೆ ಹಾಕುತ್ತಿದ್ದರು. ಗುಮಾಸ್ತ ಎರಡು ಸಲ ಹಾಳೆಯ ಅಂಚು ಹಿಡಿದ, ಎರಡು ಸಲವೂ ಕೈ ಕೇಳಲಿಲ್ಲ. ತನ್ನ ಕೋಣೆಯ ಹಾಳೆಯನ್ನು ಅವನು ಜನ್ಮದಲ್ಲಿ ಹರಿದವನಲ್ಲ. ಹೊರಗೆ ಒಯ್ಯೋಣವೆಂದರೆ ಗೇಟಿನಲ್ಲಿ ಚೀಲ ತಡಕುವ ಪೊಲೀಸ್. ಆಮೇಲೆ ಹೊಳೆದದ್ದು ಅವನಿಗೇ ಮೆಚ್ಚುಗೆಯಾಯಿತು. ಗೋಡೆ ಪಕ್ಕದ ಕಪಾಟಿನಲ್ಲಿ ಒಂಬತ್ತು ವರ್ಷದ ಹಿಂದಿನ, ದೀಪವಿಲ್ಲದೆ ಓಡಾಡಿದ ಸೈಕಲ್ಲುಗಳ ಕಟ್ಟಿತ್ತು. ಸೈಕಲ್ ದೀಪದ ಚೀಟಿ ಹುಡುಕಿಕೊಂಡು ಬಂದ ನರಪ್ರಾಣಿಯನ್ನು ಅವನು ಕಂಡಿರಲಿಲ್ಲ. ಮುಂದಿನ ವರ್ಷ ಆ ಕಟ್ಟಿಗೆ ಹತ್ತು ತುಂಬುತ್ತದೆ. ನಿಯಮದಂತೆ ಗೋಣಿಚೀಲ, ನಿಯಮದಂತೆ ಕಾರ್ಖಾನೆ. ಸರ್ಕಾರವೇ ಖರ್ಚು ಹಾಕಿ ಸಾಕ್ಷ್ಯ ನಾಶ ಮಾಡುತ್ತದೆ. ಗುಮಾಸ್ತ ಪಟ್ಟಿಗೆ ಸಹಿ ಹಾಕಿದರಾಯಿತು. ಅಲ್ಲಿಯ ತನಕ ಆ ಕಟ್ಟು ಬಿಚ್ಚುವ ಕೈ ಒಂದೇ, ಅವನದು. ಕುರ್ಚಿ ತಪ್ಪಿದವನಿಗೆ ಆ ಕೋಣೆ ಬಿಟ್ಟು ಹೋಗಲು ಇನ್ನೆಲ್ಲಿ ಜಾಗ? ಇನ್ನು ಹದಿಮೂರು ವರ್ಷ ಅವನು ಅಲ್ಲೇ. ಭಾವನ ಮೋಸವೇ ಅವನಿಗೆ ಕಾವಲು.

ಊರಿನ ಇನ್ನೊಂದು ಮೂಲೆಯ ಅಂಗಡಿಯಲ್ಲಿ ಟೈಪ್ ಮಾಡಿಸಿದ ಕಾಗದ ಎರಡೇ ಸಾಲಿನದು: ಹೆಡ್ ಕ್ಲರ್ಕಿನ ಕಾರಿನ ಮೇಲಿದ್ದ ಚೀಟಿಗಳು ಏನಾದವು ಎಂದು ದಯವಿಟ್ಟು ನೋಡಿ. ಹೆಸರಿಲ್ಲ.

ಮೂರು ವಾರಕ್ಕೆ ತಪಾಸಣಾಧಿಕಾರಿ ಬಂದರು. ತಲೆ ನರೆತ ಹೆಂಗಸು. ಕುಡಿಯುವ ನೀರನ್ನೂ ತಾವೇ ತಂದಿದ್ದರು. ರಿಜಿಸ್ಟರಿನಿಂದ ಐದು ನಂಬರು ಬರೆದುಕೊಂಡು ಕೆಳಗಿಳಿದರು. ಐದು ಕಟ್ಟಿನಲ್ಲೂ ಹಾಳೆ ಇರಲಿಲ್ಲ. ಫೈಲಿನಲ್ಲಿ ಬೇಡಿಕೆ ಚೀಟಿ ಸಿಕ್ಕಿತು.

"ಎರಡು ವರ್ಷ ಆಯ್ತಲ್ರೀ, ವಾಪಸು ಕೇಳ್ಲಿಲ್ವಾ?"

"ಎರಡು ಸಲ ಕೇಳಿದೆ ಮೇಡಂ. ಹಿರಿಯರು, ಸಂಬಂಧಿಕರು ಬೇರೆ. ಮೂರನೇ ಸಲ ನಾಲಿಗೆ ಏಳ್ಲಿಲ್ಲ."

ಭಾವನನ್ನು ಕೆಳಗೆ ಕರೆಸಿದರು.

"ಇದು ನಿಮ್ಮ ಸಹಿನಾ?"

ಭಾವ ಚೀಟಿಯನ್ನು ಬೆಳಕಿಗೆ ಹಿಡಿದ. "ನನ್ನದೇ."

"ಈ ಹಾಳೆಗಳನ್ನ ತಗೊಂಡ್ರಾ?"

"ಇಲ್ಲ."

"ಮತ್ತೆ ಸಹಿ ಹೇಗೆ ಬಂತು?"

ಭಾವ ಗುಮಾಸ್ತನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತಪ್ಪಿಹೋದ ಹಾಳೆಯನ್ನು ಹುಡುಕುವವನ ನೋಟ ಅದು. ಖಾಲಿ ಚೀಟಿಯ ಮಾತು ತುಟಿಯ ತನಕ ಬಂದಿದ್ದು ಗುಮಾಸ್ತನಿಗೆ ಕಂಡಿತು. ಆದರೆ ಖಾಲಿ ಚೀಟಿ ಕೊಟ್ಟವನಷ್ಟೇ ಅಲ್ಲ, ಇಟ್ಟುಕೊಂಡವನೂ ತಪ್ಪಿತಸ್ಥನೇ. ಭಾವ ತುಟಿ ಮುಚ್ಚಿದ.

"ನೆನಪಿಲ್ಲ," ಎಂದ.

ಬಾಯಿ ಕಟ್ಟಿತು ನೋಡು ಎಂದುಕೊಂಡ ಗುಮಾಸ್ತ. ವಿಚಾರಣೆ ಮುಗಿಯುವ ತನಕ ಹೆಡ್ ಕ್ಲರ್ಕ್ ಮನೆಯಲ್ಲಿರಬೇಕೆಂದು ಅಲ್ಲೇ ಆದೇಶವಾಯಿತು. ರೆಕಾರ್ಡ್ ರೂಮಿನ ಬಾಗಿಲಿಗೆ ಎರಡನೇ ಬೀಗ ಬಿತ್ತು. ಅದರ ಕೀಲಿ ರೇಡಿಯಮ್ಮನ ಸೊಂಟಕ್ಕೆ. ಇನ್ನು ಇಬ್ಬರಿಲ್ಲದೆ ಒಳಗೆ ಹೋಗುವಂತಿಲ್ಲ. ಇದು ಅವನ ಲೆಕ್ಕದಲ್ಲಿರಲಿಲ್ಲ, ಆದರೂ ಬೇಸರವಾಗಲಿಲ್ಲ. ಬೀಗ ಎರಡಾದರೆ ಗುಟ್ಟಿಗೆ ಭದ್ರತೆಯೂ ಎರಡು ಪಟ್ಟು.

ಭಾವ ಕನ್ನಡಕದ ಡಬ್ಬಿ, ಕೊಡೆ ತೆಗೆದುಕೊಂಡು ಹೊರಟ. ಕೌಂಟರಿನ ಹಿಂದೆ ಅಳಿಯ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. "ನಾನೇ ಸಾಲಲ್ಲಿ ನಿಂತು ಐದೂ ಕಟ್ಟಿದ್ದೀನಿ ಮಾವ, ಇದೇ ಕೌಂಟರಲ್ಲಿ!" ಎಂದು ಎಲ್ಲರೂ ಕೇಳುವಂತೆ ಅಂದ. ಭಾವ ಕೈಯೆತ್ತಿ ಸುಮ್ಮನಿರಿಸಿದ. ಮೆಟ್ಟಿಲ ಬಳಿ ಗುಮಾಸ್ತ ಎದುರಾದಾಗ ಒಂದು ಕ್ಷಣ ನಿಂತ.

"ಕೆಮ್ಮಿಗೆ ಔಷಧಿ ತಗೋತಾ ಇದ್ದೀಯೇನೋ?"

ಉತ್ತರಕ್ಕೆ ಕಾಯದೆ ಹೋದ. ಅವತ್ತು ಗುಮಾಸ್ತನಿಗೆ ಊಟ ರುಚಿಸಲಿಲ್ಲ. ಧೂಳು ಜಾಸ್ತಿಯಾಗಿದೆ ಎಂದು ಹೆಂಡತಿಗೆ ಹೇಳಿದ.

ಹನ್ನೊಂದು ದಿನ ಕಳೆದ ಮೇಲೆ ನ್ಯಾಯಾಧೀಶರ ಕೋಣೆಗೆ ಕರೆ ಬಂತು. ರೆಕಾರ್ಡ್ ರೂಮಿನ ಕೀಲಿಯನ್ನು ಮೇಜಿನ ಮೇಲಿಡಲು ಹೇಳಿ ಒಂದು ಆದೇಶ ಕೈಗೆ ಕೊಟ್ಟರು. ಹೊರಗೆ ಬಂದರೆ ರೇಡಿಯಮ್ಮ ಹಲ್ಲು ಬಿಟ್ಟುಕೊಂಡು ನಿಂತಿದ್ದಳು.

"ಸಿಹಿ ಎಲ್ಲಿ? ಕುರ್ಚಿ ನಿಮ್ಮದಂತೆ!"

ಗುಮಾಸ್ತ ಓದಿದ. ಅವನ ಹೆಸರಿನ ಮುಂದೆ 'ಹೆಡ್ ಕ್ಲರ್ಕ್' ಎಂದಿತ್ತು. ಆಧಾರ: ಎರಡು ತಿಂಗಳ ಹಿಂದಿನ ಶಿಫಾರಸು ಪತ್ರ. ಅದರಿಂದ ಒಂದು ಸಾಲನ್ನು ಹಾಗೇ ಎತ್ತಿಕೊಟ್ಟಿದ್ದರು: 'ಹತ್ತೊಂಬತ್ತು ವರ್ಷಗಳಲ್ಲಿ ಈತನ ಸುಪರ್ದಿಯಿಂದ ಒಂದು ಹಾಳೆಯೂ ಕಾಣೆಯಾಗಿಲ್ಲ.' ಬರೆದವರು ಭಾವ. ವಿಚಾರಣೆಯ ಗದ್ದಲ ಏಳುವ ಮೊದಲೇ ಮೇಲಿನ ಆಫೀಸು ಒಪ್ಪಿ ಮುಗಿಸಿತ್ತು.

"ಅಳಿಯನ ಹೆಸರು ಅಂದ್ಯಲ್ಲ ನೀನು!"

"ಇತ್ತಪ್ಪ, ಕೊನೇ ಹಾಳೇಲಿ. ಅಂಟಿಸುವಾಗ ನನಗೆ ಕಂಡಿದ್ದು ಅದೊಂದೇ. ಖಾಲಿಯಾಗೋ ನಿಮ್ಮ ರೆಕಾರ್ಡ್ ರೂಮಿಗಂತೆ ಅವರು."

ಹೆಡ್ ಕ್ಲರ್ಕಿನ ಮೇಜಿನವರೆಗೆ ಬಂದಿದ್ದರು. ಅದರ ಹಿಂದೆ ಕಿಟಕಿ ತೆರೆದಿತ್ತು. ಅಲ್ಲಿ ನಿಂತು ಹೊರಗೆ ನೋಡಿದರೆ ರಸ್ತೆ, ಗಾಡಿಗಳು, ಬೆಳಕು. ಗುಮಾಸ್ತ ಕೂರಲಿಲ್ಲ. "ಅಳಿಯ ಎಲ್ಲಿ?" ಎಂದ.

"ಆಗಲೇ ಕೆಳಗಿದ್ದಾರೆ. ನನ್ನ ಕೀಲಿನೂ ಇಸ್ಕೊಂಡ್ರು. ತಪಾಸಣೆ ಮೇಡಂ ಕಡೆಯವರೊಬ್ಬರು ಜೊತೆಗಿದ್ದಾರೆ. ಎಣಿಕೆ ಅಂತೆ."

ಅವನು ಮೆಟ್ಟಿಲಿಳಿದು ಓಡಿದ, ಬಾಗಿಲಲ್ಲಿ ನಿಂತ. ಕೀಲಿ ಒಪ್ಪಿಸಿದವನು ಒಳಗೆ ಕಾಲಿಡುವಂತಿಲ್ಲ. ರೆಕಾರ್ಡ್ ರೂಮು ಕೈ ಬದಲಾಯಿಸುವಾಗ ಹೊಸಬ ಪ್ರತಿ ಕಟ್ಟನ್ನೂ ಬಿಚ್ಚಿ, ಹಾಳೆ ಹಾಳೆ ಎಣಿಸಿ, ಹೊದಿಕೆಯ ಮೇಲಿನ ಲೆಕ್ಕಕ್ಕೆ ತಾಳೆ ನೋಡಿ ಸಹಿ ಹಾಕಬೇಕು. ಹತ್ತೊಂಬತ್ತು ವರ್ಷದ ಹಿಂದೆ ಅವನೂ ಹಾಗೇ ಎಣಿಸಿ ಒಳಗೆ ಬಂದಿದ್ದ. ಆಮೇಲೆ ಕೋಣೆ ಅವನೊಬ್ಬನ ಕೈಯಲ್ಲೇ ಉಳಿದದ್ದರಿಂದ ಆ ನಿಯಮ ನೆನಪಿನಿಂದ ಜಾರಿತ್ತು. ಎಣಿಕೆ ಶುರುವಾಗುವುದು ನಾಶಕ್ಕೆ ಹತ್ತಿರವಾದ ಹಳೆಯ ಕಟ್ಟುಗಳಿಂದ, ಗೋಡೆ ಪಕ್ಕದ ಕಪಾಟಿನಿಂದ. ಅಳಿಯ ಮೂರನೆಯ ಕಟ್ಟಿನಲ್ಲಿದ್ದ, ಸೈಕಲ್ಲುಗಳದು ನಾಲ್ಕನೆಯದು. ಅದರ ಹೊದಿಕೆಯ ಮೇಲೆ ಇನ್ನೂರ ನಾಲ್ಕು ಎಂದು ಬರೆದಿತ್ತು, ಒಳಗೆ ಇನ್ನೂರ ಒಂಬತ್ತಿದ್ದವು, ಹೆಚ್ಚಿನ ಐದೂ ಅಳಿಯ ತಾನೇ ಕಟ್ಟಿದ ದಂಡದ ರಸೀದಿಗಳ ಸಮೇತ. ಭಾವ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದರು.